ಕರಗಬಾರದ ಐಸು

ಕೊರೋನಾ ಲಾಕ್‌ಡೌನಲ್ಲಿ ನೆದರ್ಲ್ಯಾಂಡ್ಸಿನ ನಮ್ಮೂರ ಐಸ್ ಮೇಲೆ ಹಾಕಿ ಆಡೋ ಸ್ಟೇಡಿಯಂನ ಕೂಲಿಂಗ್ ಮೆಷಿನ್ ನೋಡ್ಕೊಳ್ಳೋ ಕೆಲಸ ನಂದಾಗಿತ್ತು. ಆಟ ನಿಂತಿದ್ರೂ ಐಸು ಕರಗಬಾರದು ಅಂತ ಆರ್ಡರ್. ಖಾಲಿ ಸ್ಟೇಡಿಯಂಗೆ ಇಷ್ಟೊಂದು ಕರೆಂಟ್ ಯಾಕೆ ಅಂತ ನಗರಸಭೆಯ ಅಧಿಕಾರಿಯನ್ನ ಕೇಳಿದೆ.

"ಕರಗಿದ್ರೆ ಬೇರೆ ಊರಿಗೆ ಹೋಗ್ತೀವಿ ಅಂತ ಟೀಮಿನ ಓನರ್ ಹೆದರಿಸ್ತಿದ್ದಾರೆ," ಅಂದ.

"ಮತ್ತೆ ನನ್ನ ಮಗಳು ಈಜು ಕಲೀತಿದ್ದ ಪೂಲನ್ನ ದುಡ್ಡಿಲ್ಲ ಅಂತ ಮುಚ್ಚಿದ್ರಲ್ಲ? ಇಲ್ಲಿ ಮನೆ ಬಾಗಿಲಿಗೇ ಕಾಲುವೆ ಇದೆ, ಈಜು ಬರದ ಮಗು ಬಿದ್ರೆ ಏನು ಗತಿ?"

ಅವನು ಮಾಸ್ಕ್ ಸರಿಮಾಡ್ಕೊಂಡ. "ಪೂಲು ಊರು ಬಿಟ್ಟು ಹೋಗ್ತೀನಿ ಅಂತ ಹೆದರಿಸಲ್ಲವಲ್ಲ."

ಹೊಸ ಸ್ಟೇಡಿಯಂ ಕಟ್ಟಿಕೊಡ್ತೀವಿ ಅಂದ ಇನ್ನೊಂದೂರಿಗೆ ಟೀಮು ಆ ವರ್ಷವೇ ಹಾರಿತು. ಮೆಷಿನ್ ಆಫ್ ಮಾಡಿದ್ದೂ ನಾನೇ. ಕರಗಿದ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಇದ್ದಿದ್ರೆ ಮಗಳನ್ನ ಅಲ್ಲೇ ಈಜೋಕೆ ಇಳಿಸ್ತಿದ್ದೆ.