ಕೆರೆ ನೀರಿನ ಹುಳಿ ಅಳೆದದ್ದು

ಜೂನ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಮ್ಮೂರ ಕೆರೆಗೆ ನಾನು ಮೊದಲ ಸಲ ಮೀಟರು ಇಳಿಸಿದ್ದು ಆಗ. ಈ ಹೊತ್ತು ನನ್ನ ದಿನಚರಿಯಲ್ಲಿದೆ. ನೀರಿನ ಲೆಕ್ಕಕ್ಕೆಂದೇ ಇಟ್ಟ ಪುಸ್ತಕದಲ್ಲಿ ತಾರೀಖು, ಜಾಗ, ಅಂಕಿ ಇಷ್ಟೇ ಇವೆ.

ಮೀಟರು ಕೊಟ್ಟವರು ತಿಪಟೂರಿನಲ್ಲಿ ನನಗೆ ಪಾಠ ಹೇಳಿದ ಮೇಡಂ. ಅವರು ರಜೆಯಲ್ಲಿ ಕರಾವಳಿಗೆ ಹೋಗಿದ್ದಾಗ ಅಲ್ಲಿನ ಮೀನುಗಾರರ ಮನೆಯ ಹೆಣ್ಣುಮಕ್ಕಳು ಸಮುದ್ರದ ನೀರು ಎಷ್ಟು ಹುಳಿಯಾಗುತ್ತಿದೆ ಎಂದು ದಿನವೂ ಅಳೆದು ಬರೆದಿಡುವುದನ್ನು ನೋಡಿ ಬಂದಿದ್ದರು. ಗಾಳಿಯಲ್ಲಿ ಇಂಗಾಲ ಹೆಚ್ಚಿದಷ್ಟೂ ಸಮುದ್ರ ಅದನ್ನು ಕುಡಿದು ಹುಳಿಯಾಗುತ್ತದಂತೆ, ಚಿಪ್ಪಿನ ಜೀವಗಳಿಗೆ ಚಿಪ್ಪು ಕಟ್ಟುವುದು ಕಷ್ಟವಾಗುತ್ತದಂತೆ. ಸಮುದ್ರವಿಲ್ಲದ ಊರಿನವರು ಕೆರೆಯನ್ನಾದರೂ ಅಳೆಯಿರಿ ಎಂದು ಪೆನ್ನಿನಂಥ ಮೀಟರೊಂದನ್ನು ನನ್ನ ಕೈಗಿಟ್ಟರು. ಏಳಕ್ಕಿಂತ ಕೆಳಗೆ ತೋರಿಸಿದರೆ ಹುಳಿ, ಮೇಲೆ ತೋರಿಸಿದರೆ ಸವಳು.

ನಮ್ಮೂರಿನವರಿಗೆ ಬೇರೊಂದು ಕಾರಣವಿತ್ತು. ಬೇಸಿಗೆಯಲ್ಲಿ ಕೆರೆಯ ಮೀನು ಸತ್ತು ತೇಲಿದ್ದವು. ಕೆರೆಯಂಗಳದ ಅಂಚಿನಲ್ಲಿ ಮೂರು ಗುಂಡಿಗಳಿವೆ. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಅವುಗಳಲ್ಲಿ ವಾರಗಟ್ಟಲೆ ನೆನೆಹಾಕಿ, ಬಡಿದು, ನಾರು ತೆಗೆದು ನಾವೆಲ್ಲ ಅಕ್ಕ ಎಂದು ಕರೆಯುವ ಹೆಂಗಸೊಬ್ಬರು ಹಗ್ಗ ಹೊಸೆಯುತ್ತಾರೆ. ಅವರ ಹತ್ತಿರ ಇನ್ನೂ ಮೂವರು ಹೆಂಗಸರಿಗೆ ಅದೇ ಕೆಲಸ. ಗುಂಡಿಯ ಕಂದು ನೀರು ಕೆರೆಗೆ ಜಿನುಗುವುದನ್ನು ಎಲ್ಲರೂ ಕಂಡಿದ್ದರು. ಅಂಕಿ ಬರಲಿ, ಆಮೇಲೆ ಗುಂಡಿ ಮುಚ್ಚಿಸುವ ಮಾತು ಎಂದು ಪಂಚಾಯಿತಿ ನಮಗಾಗಿ ಕಾಯುತ್ತಿತ್ತು.

ನಾವು ಇದ್ದದ್ದು ಇಬ್ಬರು, ಮೀಟರು ಒಂದು. ಡೇರಿಗೆ ಹಾಲು ಹಾಕಿ ಬರುವಾಗ ಗುಂಡಿಗಳ ಪಕ್ಕದ ನೀರನ್ನು ನಾನು ಅಳೆಯುತ್ತಿದ್ದೆ. ಮಧ್ಯಾಹ್ನ ಮೀಟರನ್ನು ಟವೆಲ್ಲಿನಲ್ಲಿ ಸುತ್ತಿ ನೀರುಗಂಟಿ ತಾತನಿಗೆ ಕೊಡುತ್ತಿದ್ದೆ. ತೂಬು ಎತ್ತಿ ಇಳಿಸುವುದು ಅವರ ಕೆಲಸ. ಕೆರೆಯ ಆ ಕೊನೆಯಲ್ಲಿ, ತೂಬಿನ ಹತ್ತಿರ ಅವರು ಅಳೆದು ಅಂಕಿಯನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದು ತರುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಕೆರೆಗೆ ಜ್ವರ ನೋಡುವ ಡಾಕ್ಟರಾಗಿಬಿಟ್ಟೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರಂತೆ.

ಮೂವತ್ತನಾಲ್ಕು ದಿನಕ್ಕೆ ಅರವತ್ತೆಂಟು ಅಂಕಿ. ಗುಂಡಿಯ ಕಡೆ ಆರೂ ಮುಕ್ಕಾಲರಿಂದ ಏಳರ ಆಸುಪಾಸು, ತೂಬಿನ ಕಡೆ ಎಂಟರ ಮೇಲೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕೋಷ್ಟಕ ಬರೆದು ಪಂಚಾಯಿತಿಗೆ ಒಂದು ಪ್ರತಿ ಕೊಟ್ಟೆ. ಗುರುವಾರ ತೀರ್ಮಾನ ಎಂದರು.

ಸೋಮವಾರ ಅಕ್ಕ ನಮ್ಮ ಮನೆಯ ಮುಂದೆ ನಿಂತರು. ಕೂಗಾಡಲಿಲ್ಲ.

"ಈ ಕೆರೆಗೆ ನೆಗಡಿಯಾದ್ರೂ ನನ್ ಗುಂಡಿ ಮೇಲೇ ಹೇಳ್ತರೆ ಕಣವ್ವ. ನೀನು ಓದ್ದೋಳು, ನೋಡಿ ಬರ್ದಿದೀಯ. ಆ ಮೂರು ಜನಕ್ಕೂ ನೀನೇ ಬಂದು ಹೇಳ್ಬುಡು, ನಾಳೆಯಿಂದ ಬರ್ಬ್ಯಾಡಿ ಅಂತ."

ನನ್ನ ಅಂಕಿಗಳಲ್ಲಿ ಸುಳ್ಳಿರಲಿಲ್ಲ.

ಅಂದು ಸಂಜೆ ಅದೇ ಕೋಷ್ಟಕವನ್ನು ಮೇಡಂ ಹೇಳಿದಂತೆ ಕರಾವಳಿಯ ಆ ಹೆಣ್ಣುಮಕ್ಕಳ ತಂಡಕ್ಕೂ ಕಳುಹಿಸಿದೆ. ಮರುದಿನ ಅಲ್ಲಿಂದ ಒಬ್ಬಳು ಫೋನ್ ಮಾಡಿದಳು. ಮೊದಲು ಅಕ್ಷರ ಚೆನ್ನಾಗಿದೆ ಎಂದಳು. ಆಮೇಲೆ ಕೇಳಿದಳು: "ಗಂಟೆ ಎಲ್ಲುಂಟು ಮಾರಾಯ್ತಿ? ಎರಡೂ ಕಡೆ ಒಂದೇ ಹೊತ್ತಿಗೆ ತೆಗ್ದದ್ದಾ?"

ಅಲ್ಲ. ನಾನು ಬೆಳಿಗ್ಗೆ ಏಳರೊಳಗೆ, ತಾತ ಸಂಜೆ ನಾಲ್ಕಕ್ಕೆ.

ಅವಳು ನಿಧಾನವಾಗಿ ವಿವರಿಸಿದಳು. ಹಗಲು ಬಿಸಿಲಿನಲ್ಲಿ ಪಾಚಿ ನೀರಿನೊಳಗಿನ ಇಂಗಾಲವನ್ನು ಹೀರುತ್ತದೆ, ನೀರಿನ ಹುಳಿ ಇಳಿಯುತ್ತದೆ. ಕತ್ತಲಾದ ಮೇಲೆ ಹೀರುವುದು ನಿಲ್ಲುತ್ತದೆ, ನೀರಿನಲ್ಲಿರುವ ಎಲ್ಲ ಜೀವಗಳು ಬಿಡುವ ಉಸಿರಿನ ಇಂಗಾಲ ಮಾತ್ರ ಸೇರುತ್ತಲೇ ಇರುತ್ತದೆ, ಬೆಳಗಾಗುವ ಹೊತ್ತಿಗೆ ಹುಳಿ ಏರಿರುತ್ತದೆ. ಪಾಚಿ ತುಂಬಿದ ಕೆರೆಯಲ್ಲಿ ಈ ಏರಿಳಿತ ಇನ್ನೂ ಜೋರು. ನಾವು ಮೂವತ್ತನಾಲ್ಕು ದಿನ ಅಳೆದದ್ದು ಬಹುಪಾಲು ಬೆಳಗು ಮತ್ತು ಸಂಜೆಯ ವ್ಯತ್ಯಾಸವನ್ನು.

ಬುಧವಾರ ಪಂಚಾಯಿತಿಗೆ ಹೋಗಿ ನನ್ನ ಕೋಷ್ಟಕ ತಪ್ಪು, ಹನ್ನೆರಡು ದಿನ ಕೊಡಿ ಎಂದು ಬರೆದುಕೊಟ್ಟೆ. ಅಧ್ಯಕ್ಷರು ನಕ್ಕು, ಮೀಟರು ಕೆಟ್ಟಿತ್ತಾ ಎಂದು ಕೇಳಿದರು. ಕೆಟ್ಟಿರಲಿಲ್ಲ, ಹೊತ್ತು ನೋಡುವುದನ್ನು ನಾನೇ ಮರೆತಿದ್ದೆ ಎಂದೆ. ಅಲ್ಲಿಂದ ನೇರ ಅಕ್ಕನ ಹತ್ತಿರ ಹೋದೆ. ಅವರು ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಡದೆ ಕೇಳಿಸಿಕೊಂಡರು.

"ತಪ್ಪಾಯ್ತು ಅಂದ್ಯಲ್ಲ, ಸರಿ. ಈ ಸಲ ನಾನೂ ಕಣ್ಣಲ್ಲಿ ನೋಡ್ಬೇಕು. ಎಷ್ಟೊತ್ಗೆ ಬತ್ತೀಯ?"

ಹನ್ನೆರಡು ದಿನ ಮೂವರೂ ಕೂಡಿ ಅಳೆದೆವು. ಬೆಳಿಗ್ಗೆ ಎರಡು ಕಡೆ, ಸಂಜೆ ಎರಡು ಕಡೆ, ನಡುವೆ ಏರಿಯ ಮೇಲೆ ನಡೆಯುವಷ್ಟೇ ಅಂತರ. ಅಕ್ಕನಿಗೆ ಅಂಕಿ ಓದಲು ಬರುತ್ತಿತ್ತು. ಅವರು ಗಟ್ಟಿಯಾಗಿ ಓದುವರು, ನಾನು ಬರೆಯುವೆ. ತಾತ ಒಮ್ಮೆ ತಮಾಷೆಗೆ, ನಿನ್ನ ಗುಂಡಿಯ ಅಂಕಿಯನ್ನು ಒಂದಿಷ್ಟು ಏರಿಸಿ ಓದವ್ವ ಎಂದರು. ಅಕ್ಕ ಅವರ ಕಡೆ ನೋಡಲೇ ಇಲ್ಲ.

ದೊಡ್ಡ ವ್ಯತ್ಯಾಸ ಮಾಯವಾಯಿತು. ಬೆಳಿಗ್ಗೆ ಎರಡೂ ಕಡೆ ಏಳರ ಹತ್ತಿರ, ಸಂಜೆ ಎರಡೂ ಕಡೆ ಎಂಟರ ಮೇಲೆ. ಆದರೆ ಗುಂಡಿಯ ಕಡೆ ಸೊನ್ನೆ ಪಾಯಿಂಟ್ ಒಂದೋ ಎರಡೋ ಕಡಿಮೆ. ಹನ್ನೆರಡರಲ್ಲಿ ಹನ್ನೊಂದು ದಿನ ಹಾಗೇ. ಇದನ್ನು ಹೇಗೆ ಹೇಳಲಿ ಎಂದು ನಾನು ಕೊನೆಯ ದಿನ ಪುಟ ತಿರುವುತ್ತಾ ನಿಂತಿದ್ದೆ. ಹೇಳಿದವರು ಅಕ್ಕನೇ.

"ಜಿನುಗ್ತದೆ ಕಣವ್ವ, ನಾನೇ ಓದಿದೀನಲ್ಲ. ಅದ್ಕೆ ಗುಂಡಿ ಯಾಕ್ ಮುಚ್ಬೇಕು? ಒಂದು ಬದು ಹಾಕ್ಬುಟ್ರೆ ಆಯ್ತು."

ಪಂಚಾಯಿತಿ ಒಪ್ಪಿತು. ಆ ನಾಲ್ವರು ಹೆಂಗಸರು, ತಾತ, ನಾನು ಸೇರಿ ಎರಡು ಭಾನುವಾರ ಕೆರೆಯ ಕಡೆಗೆ ಮಣ್ಣಿನ ಬದು ಹಾಕಿದೆವು, ಗುಂಡಿ ತುಂಬಿ ಉಕ್ಕುವ ನೀರಿಗೆ ಬೇರೆ ಇಂಗುಗುಂಡಿ ತೋಡಿದೆವು. ಈಗ ನಾಲ್ಕು ತಿಂಗಳಾಯಿತು. ಗುಂಡಿಗಳು ಇವೆ, ಹಗ್ಗದ ಕೆಲಸ ನಡೆದಿದೆ. ಬೆಳಗಿನ ಪಾಳಿಯನ್ನು ಅಕ್ಕ ವಹಿಸಿಕೊಂಡಿದ್ದಾರೆ. ಕಳೆದ ತಿಂಗಳ ಮೂವತ್ತು ದಿನಗಳಲ್ಲಿ ಹತ್ತೊಂಬತ್ತು ದಿನ ಎರಡೂ ಕಡೆ ಒಂದೇ ಅಂಕಿ.

ಮೀನು ಯಾಕೆ ತೇಲಿದವು ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ. ಪಾಚಿ ಹೆಚ್ಚಿ, ಬೆಳಗಿನ ಜಾವ ನೀರಿನಲ್ಲಿ ಉಸಿರು ಸಾಲದೆ ಸತ್ತಿರಬಹುದು ಎಂದು ಕರಾವಳಿಯವಳು ಹೇಳುತ್ತಾಳೆ, ನಮ್ಮ ಬಳಿ ಅದಕ್ಕೆ ಅಂಕಿಯಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಕೆರೆಗಳಲ್ಲಿಯೂ ಮಟ್ಟೆ ಗುಂಡಿಗಳಿವೆ. ಅಲ್ಲಿ ಬೇಸಿಗೆಯಲ್ಲಿ ಮೀನು ಸತ್ತದ್ದನ್ನು ಕಂಡವರು, ಪಾಚಿಯನ್ನು ಇಳಿಸುವ ದಾರಿ ಬಲ್ಲವರು ಈ ಬರಹ ಅಚ್ಚಾಗಿರುವ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆದರೆ ನಮ್ಮ ಮೂವರಿಗೂ ಉಪಕಾರವಾಗುತ್ತದೆ. ಬೇಸಿಗೆಗೆ ಮುಂಚೆ ತಿಳಿದರೆ ಇನ್ನೂ ಒಳ್ಳೆಯದು.