ಓಯಾ-ಸಾನ್ ಓಡಿಸಿದ ಅಮೆರಿಕದ ಕಾರು

ಕಳೆದ ವಾರ ಪಾಸ್‌ಪೋರ್ಟಿನ ಕೆಲಸಕ್ಕೆಂದು ಟೋಕಿಯೋದ ಮಿನಾಟೋಗೆ ಹೋಗಿದ್ದೆ. ರಸ್ತೆ ದಾಟಲು ಸಿಗ್ನಲ್ ಬಳಿ ನಿಂತಿದ್ದಾಗ ಪಕ್ಕದಲ್ಲೊಂದು ಹಳೆಯ ಕಾರು ಬಂದು ನಿಂತಿತು. ಅದರ ಕಿಟಕಿಯ ಗಾಜು ಇಳಿಸಿತ್ತು. ಒಳಗಿನಿಂದ ಬಿಸಿಲಿಗೆ ಕಾದ ಚರ್ಮದ ಸೀಟಿನ ವಾಸನೆ, ಅದರ ಜೊತೆಗೆ ತೆಳುವಾಗಿ ಪೆಟ್ರೋಲಿನ ವಾಸನೆ... ನಡೆಯುವವರ ದೀಪ ಹಸಿರಾದರೂ ನಾನು ಅಲ್ಲೇ ನಿಂತಿದ್ದೆ. ಹಿಂದಿದ್ದವರೊಬ್ಬರು "ಸುಮಿಮಾಸೆನ್", ಕ್ಷಮಿಸಿ, ಎಂದು ಪಕ್ಕದಿಂದ ನುಸುಳಿಕೊಂಡು ಹೋದರು.

ಅದು ನಮ್ಮ ಹಳೆಯ ಮನೆಯ ಒಡತಿಯ ಕಾರಿನ ವಾಸನೆ. ಮನೆ ಬಾಡಿಗೆಗೆ ಕೊಟ್ಟವರನ್ನು ಇಲ್ಲಿ 'ಓಯಾ-ಸಾನ್' ಎನ್ನುತ್ತಾರೆ. ನಾವು ಅವರನ್ನು ಹಾಗೆಂದೇ ಕರೆಯುತ್ತಿದ್ದೆವು. ಅವರು ನನ್ನನ್ನು 'ಓಕು-ಸಾನ್' ಎನ್ನುತ್ತಿದ್ದರು, ಎಂದರೆ ಯಜಮಾನಿ. ನನಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. ಅವರ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ಸೀರೆ ಸೆರಗು ಸರಿಮಾಡಿಕೊಳ್ಳಬೇಕು ಅನ್ನಿಸುತ್ತಿತ್ತು, ತೊಟ್ಟದ್ದು ಜೀನ್ಸ್ ಆದರೂ.

ನನ್ನ ಗಂಡನಿಗೆ ಶಿನಾಗಾವಾದಲ್ಲಿ ಕೆಲಸ. ಅಲ್ಲಿಂದ ತುಸು ದೂರದ ಗಲ್ಲಿಯೊಂದರಲ್ಲಿ ಓಯಾ-ಸಾನ್ ಅವರ ಎರಡಂತಸ್ತಿನ ಮನೆ. ಮೇಲೆ ನಾವಿಬ್ಬರು ಮತ್ತು ನಮ್ಮ ಪುಟ್ಟ ಮಗಳು, ಕೆಳಗೆ ಅವರೊಬ್ಬರೇ. ಅವರ ಗಂಡ ತೀರಿಕೊಂಡಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕತ್ತಿನವರೆಗೆ ಕತ್ತರಿಸಿದ ಬಿಳಿಕೂದಲು, ಹೊರಗೆ ಹೊರಟರೆ ತುಟಿಗೆ ತಪ್ಪದೆ ಕೆಂಪು. ಕೆಳಗಿನ ಶೆಡ್ಡಿನಲ್ಲಿ ಕಡುಹಸಿರು ಬಣ್ಣದ, ಅಷ್ಟುದ್ದದ ಅಮೆರಿಕದ ಕಾರು. ಸ್ಟಿಯರಿಂಗ್ ಎಡಗಡೆಗೆ. ಆ ಗಲ್ಲಿಯಲ್ಲಿ ಎರಡು ಸೈಕಲ್ಲು ಎದುರಾದರೆ ಒಂದು ನಿಲ್ಲಬೇಕು. ಅಂಥಲ್ಲಿ ಈಕೆ ಆ ಕಾರನ್ನು ಗೋಡೆಗೆ ಬೆರಳಿನಷ್ಟು ಜಾಗ ಬಿಟ್ಟು ಹೊರತೆಗೆಯುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಒಣಹಾಕುತ್ತಿದ್ದ ಟವೆಲ್ ಕೈಯಲ್ಲೇ ಹಿಡಿದು ಬಾಲ್ಕನಿಯಲ್ಲಿ ಉಸಿರುಕಟ್ಟಿ ನಿಂತಿದ್ದೆ.

ಆ ಕಾರಿನ ಕಂಪನಿಯ ಚರಿತ್ರೆ ಅವರಿಗೆ ಮನೆಯ ಚರಿತ್ರೆಯೇ ಆಗಿತ್ತು. ನನ್ನ ಜಪಾನೀ ಭಾಷೆ ತೊದಲು. ಅವರು ನಿಧಾನವಾಗಿ, ಕೈಸನ್ನೆ ಸೇರಿಸಿ ಹೇಳುತ್ತಿದ್ದರು. ಸುಮಾರು ನೂರು ವರ್ಷದ ಹಿಂದೆ ಟೋಕಿಯೋವನ್ನು ನೆಲಕ್ಕೊರಗಿಸಿದ ಮಹಾ ಭೂಕಂಪದಲ್ಲಿ ಟ್ರಾಮ್ ಹಳಿಗಳೆಲ್ಲ ಕಿತ್ತುಹೋದವಂತೆ. ಜನ ಓಡಾಡುವುದು ಹೇಗೆ? ನಗರಾಡಳಿತದವರು ಅಮೆರಿಕದ ಆ ಕಂಪನಿಯಿಂದ ಎಂಜಿನ್ನು, ಗಾಲಿ, ಅಡಿಗಟ್ಟು ಇಷ್ಟನ್ನೇ ಹಡಗಿನಲ್ಲಿ ತರಿಸಿ, ಮೇಲೆ ಮರದ ಡಬ್ಬಿ ಕೂರಿಸಿ ಬಸ್ಸು ಮಾಡಿದರು. ಓಯಾ-ಸಾನ್ ಅವರ ಅಜ್ಜ ಅಂಥದೊಂದು ಬಸ್ಸಿನ ಡ್ರೈವರ್ ಆದರು. ಇಲ್ಲಿ ಇಷ್ಟು ಬೇಡಿಕೆಯಿದೆ ಎಂದು ಕಂಡುಕೊಂಡ ಕಂಪನಿ ಯೊಕೊಹಾಮಾದ ಕೊಲ್ಲಿಯ ದಂಡೆಯಲ್ಲಿ ಕಾರ್ಖಾನೆಯನ್ನೇ ತೆರೆಯಿತು. ಅವರ ತಂದೆ ಅಲ್ಲಿ ಕೆಲಸಕ್ಕೆ ಸೇರಿದರು. ಕಾರು ಸಾಲಿನಲ್ಲಿ ತಾನೇ ಸರಿದು ಬರುತ್ತಿತ್ತು, ತಂದೆ ನಿಂತಲ್ಲೇ ನಿಂತು ಬಾಗಿಲು ಕೂರಿಸುತ್ತಿದ್ದರು, ಕಾರು ಮುಂದಕ್ಕೆ ಹೋಗುತ್ತಿತ್ತು.

ಅಮೆರಿಕದಲ್ಲಿ ಕಾರು ಮಾಡುವ ಕೆಲಸಗಾರನೇ ಆ ಕಾರು ಕೊಳ್ಳಬಲ್ಲ ಎಂದು ಅಲ್ಲಿಂದ ಬಂದಿದ್ದ ಎಂಜಿನಿಯರು ಹೇಳುತ್ತಿದ್ದರಂತೆ. ತಂದೆ ಅದನ್ನು ಮನೆಗೆ ಬಂದು ಹೇಳಿ ನಗುತ್ತಿದ್ದರು. ಬಳಿಕ ಪರದೇಶದ ಕಂಪನಿಗಳ ಕೈಕಟ್ಟುವ ಕಾನೂನು ಬಂತು, ಯುದ್ಧ ಬಂತು, ಕಾರ್ಖಾನೆ ಮುಚ್ಚಿತು. ಅಷ್ಟೊಂದು ಬಾಗಿಲು ಕೂರಿಸಿದ ಮನುಷ್ಯ ಒಂದು ದಿನವೂ ಆ ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂರದೆ ಹೋದರು...

ಯುದ್ಧ ಮುಗಿದ ಮೇಲೆ ಕಂಪನಿಯ ಕಾರುಗಳು ಮತ್ತೆ ಹಡಗಿನಲ್ಲಿ ಬರತೊಡಗಿದವು. ಬೆಳೆದು ದೊಡ್ಡವರಾದ ಮೇಲೆ ಓಯಾ-ಸಾನ್ ಮಿನಾಟೋದ ಒಂದು ಶೋರೂಮಿನಲ್ಲಿ ಕೆಲಸಕ್ಕೆ ಸೇರಿದರು, ಗಿರಾಕಿಗಳಿಗೆ ಚಹಾ ಕೊಡುವ ಹುಡುಗಿಯಾಗಿ. ಒಂದು ದಿನ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರ ಹೆಂಡತಿ ಒಂಟಿಯಾಗಿ ಕಾರು ನೋಡಲು ಬಂದರು. ಮಾರುವ ಗಂಡಸರೆಲ್ಲ "ಯಜಮಾನರು ಯಾವಾಗ ಬರ್ತಾರೆ?" ಎಂದೇ ಕೇಳುತ್ತಿದ್ದರು. ಆಗಲೇ ಕಾರು ಓಡಿಸಲು ಕಲಿತಿದ್ದ ಓಯಾ-ಸಾನ್ ಚಹಾದ ತಟ್ಟೆ ಕೆಳಗಿಟ್ಟರು, ಬೀಗದ ಕೈ ತೆಗೆದುಕೊಂಡರು, "ಬನ್ನಿ, ಒಂದು ಸುತ್ತು ಹೋಗಿ ಬರೋಣ" ಎಂದು ಆಕೆಯನ್ನು ಕೂರಿಸಿಕೊಂಡು ಹೊರಟೇಬಿಟ್ಟರು. ತಿರುಗಿ ಬರುವಷ್ಟರಲ್ಲಿ ಕಾರು ಮಾರಾಟವಾಗಿತ್ತು. ಮಾರನೆಯ ದಿನದಿಂದ ಚಹಾ ಬೇರೆಯವರು ಕೊಟ್ಟರು. ನಿವೃತ್ತಿಯಾಗುವವರೆಗೂ ಅವರು ಅಲ್ಲಿ ಕಾರು ಮಾರಿದರು. ಆ ಹಸಿರು ಕಾರು ಅವರದೇ ದುಡಿಮೆಯಲ್ಲಿ ಕೊಂಡದ್ದು. ತಂದೆ ಆ ಹೊತ್ತಿಗೆ ಇರಲಿಲ್ಲ.

ಅದರಲ್ಲಿ ಯೊಕೊಹಾಮಾಗೆ ಹೋಗಿ, ಕಾರ್ಖಾನೆಯಿದ್ದ ಜಾಗದ ಮುಂದೆ ನಿಲ್ಲಿಸಬೇಕೆಂಬುದು ಅವರ ಆಸೆ. ಮೊದಮೊದಲು ಕೆಲಸ, ಆಮೇಲೆ ಗಂಡನ ಕಾಯಿಲೆ, ಹೀಗೆ ಅದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಕಂಪನಿ ಜಪಾನಿನಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಟೀವಿಯಲ್ಲಿ ಆ ಸುದ್ದಿ ನೋಡಿದ ಓಯಾ-ಸಾನ್‌ಗೆ ಸಿಟ್ಟು ಬಂತಂತೆ. "ಅಪ್ಪನ್ನೂ ಬಿಟ್ಟು ಹೋದ್ರು, ನನ್ನನ್ನೂ ಬಿಟ್ಟು ಹೋದ್ರು. ಇನ್ನು ಅವರ ಗೇಟಿನ ಮುಂದೆ ನಾನ್ಯಾಕೆ ಹೋಗಿ ನಿಲ್ಲಲಿ?" ಎಂದರು. ಹಾಗಂತ ಕಾರು ಒರೆಸುವುದನ್ನು ಬಿಡಲಿಲ್ಲ.

ನಾವು ಬಂದ ಎರಡನೆಯ ವರ್ಷ, ಗಲ್ಲಿಯ ಕೊನೆಯಲ್ಲಿ 'ನಿಲ್ಲಿ' ಎಂದು ಬರೆದಿದ್ದ ಗೆರೆಯ ಹತ್ತಿರ ಅವರು ಪೂರ್ತಿ ನಿಲ್ಲಿಸದೆ ಮುಂದೆ ಹೋದರು. ಪೊಲೀಸರು ಹಿಡಿದರು. ಅವರ ವಯಸ್ಸಿನವರು ಹಾಗೆ ಸಿಕ್ಕಿಬಿದ್ದರೆ ಲೈಸೆನ್ಸ್ ನವೀಕರಿಸುವಾಗ ಮತ್ತೆ ಕಾರು ಓಡಿಸಿ ತೋರಿಸಬೇಕು. ಅವರ ಮಗ ಸುದ್ದಿ ತಿಳಿದು ನಗೋಯಾದಿಂದ ಬಂದರು. ಅವರು ಒಂದು ಜಪಾನೀ ಕಾರು ಕಂಪನಿಯಲ್ಲಿ ಎಂಜಿನಿಯರು. ತಾಯಿ ಅಮೆರಿಕದ ಕಾರು ಓಡಿಸುವುದು ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೆ ಆ ದಿನ ಅವರ ಮುಖದಲ್ಲಿದ್ದದ್ದು ಬರೀ ಭಯ. ನಾನು ಬಾಡಿಗೆ ಮನೆಯ ನಲ್ಲಿಯ ವಿಷಯ ಹೇಳಲು ಕೆಳಗಿಳಿದಿದ್ದವಳು ಬಾಗಿಲಲ್ಲೇ ನಿಂತುಬಿಟ್ಟೆ.

"ಅಮ್ಮಾ, ಲೈಸೆನ್ಸ್ ವಾಪಸ್ ಕೊಟ್ಟುಬಿಡು. ಕಾರು ಮಾರೋಣ," ಎಂದರು ಮಗ. "ನಿನಗೇನಾಗುತ್ತೆ ಅಂತಲ್ಲ. ಆ ಗೆರೆ ಹತ್ರ ಒಂದು ಮಗು ಬಂದಿದ್ರೆ?"

ಓಯಾ-ಸಾನ್ ನನ್ನ ಕಾಲಿಗೆ ಅಂಟಿಕೊಂಡು ನಿಂತಿದ್ದ ನನ್ನ ಮಗಳನ್ನು ನೋಡಿದರು. ಅವಳು ಆಗ ಒಂದನೇ ತರಗತಿ.

"ಸರಿ," ಎಂದರು ಕೊನೆಗೆ. "ಪರೀಕ್ಷೆ ಕೊಡ್ತೀನಿ. ಫೇಲಾದ್ರೆ ಕೀ ನಿನ್ನ ಕೈಗೆ. ಪಾಸಾದ್ರೆ ನನ್ನ ಪಕ್ಕ ಕೂತ್ಕೊಂಡು ಯೊಕೊಹಾಮಾಗೆ ಬರಬೇಕು."

ಮಗ ಒಪ್ಪಿದರು. ಫೇಲಾಗುತ್ತಾರೆ ಎಂದುಕೊಂಡೇ ಒಪ್ಪಿದರೇನೋ.

ಒಂದು ತೊಡಕಿತ್ತು. ಪರೀಕ್ಷೆಯ ಕಾರು ಜಪಾನಿನದು, ಸ್ಟಿಯರಿಂಗ್ ಬಲಗಡೆ. ಓಯಾ-ಸಾನ್ ಅರ್ಧ ಆಯುಷ್ಯವೆಲ್ಲ ಎಡಗಡೆ ಕೂತು ಓಡಿಸಿದವರು. ನಮ್ಮ ಹತ್ತಿರ ಒಂದು ಪುಟ್ಟ ಕಾರಿತ್ತು. ಅದರಲ್ಲಿ ಅಭ್ಯಾಸ ಮಾಡಲಿ ಎಂದು ನಾನು ಮನೆಯಲ್ಲಿ ಹೇಳಿದೆ.

"ನಿಂಗೇನಾದ್ರೂ ತಲೆ ಕೆಟ್ಟಿದ್ಯಾ?" ಎಂದ ನನ್ನ ಗಂಡ. "ಸುಮ್ನೆ ರಿಸ್ಕ್ ಯಾಕೆ? ಇನ್ಶೂರೆನ್ಸ್ ನಮ್ಮಿಬ್ಬರ ಹೆಸರಲ್ಲಿ ಮಾತ್ರ ಇರೋದು."

"ಕೊಂಬಿನಿ ಅಂಗಡೀಲಿ ಒಂದು ದಿನದ ಇನ್ಶೂರೆನ್ಸ್ ಸಿಗತ್ತೆ. ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಅದೇ ನಂಗೆ ಟೆನ್ಷನ್ನು. ನೀನು ಪಕ್ಕದಲ್ಲಿರೋದು!"

ಕೊನೆಗೆ ಅವನೇ ಹೋಗಿ ವಿಮೆ ಮಾಡಿಸಿಕೊಂಡು ಬಂದ, ಜೊತೆಗೆ ಓಯಾ-ಸಾನ್‌ಗೆ ಒಂದು ಬಿಸಿ ಕಾಫಿ ಕ್ಯಾನು.

ಬಂದರಿನ ಗೋದಾಮುಗಳ ನಡುವಿನ ಅಗಲ ರಸ್ತೆಗಳು ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತವೆ. ನಾವು ಅಲ್ಲಿಗೆ ಹೋಗುತ್ತಿದ್ದೆವು. ಅವರ ಕಾರಿನಲ್ಲಿ ಇಂಡಿಕೇಟರಿನ ಕಡ್ಡಿ ಇದ್ದ ಕಡೆ ನಮ್ಮ ಕಾರಿನಲ್ಲಿ ವೈಪರಿನ ಕಡ್ಡಿ. ತಿರುಗುವ ಮುಂಚೆ ಅವರು ಠೀವಿಯಿಂದ ಕೈಹಾಕುತ್ತಿದ್ದರು. ಫಳಫಳ ಬಿಸಿಲಿನಲ್ಲಿ ವೈಪರು ಗಾಜನ್ನು ಒರೆಸತೊಡಗುತ್ತಿತ್ತು. ಹಿಂದೆ ಕೂತ ನನ್ನ ಮಗಳು "ಅಮೆ! ಅಮೆ!" ಎಂದು ಕೂಗುತ್ತಿದ್ದಳು. ಜಪಾನೀ ಭಾಷೆಯಲ್ಲಿ ಅಮೆ ಎಂದರೆ ಮಳೆ. ನನಗೆ ಕನ್ನಡದ ಆಮೆಯೂ ನೆನಪಾಗಿ ನಗು ತಡೆಯಲಾಗುತ್ತಿರಲಿಲ್ಲ. ಓಯಾ-ಸಾನ್ ನಗುತ್ತಿರಲಿಲ್ಲ. ತುಟಿ ಬಿಗಿಹಿಡಿದು, "ಮತ್ತೊಂದ್ಸಲ" ಎನ್ನುತ್ತಿದ್ದರು. ಪ್ರತಿ ಗೆರೆಯ ಹತ್ತಿರವೂ ಗಾಲಿ ಪೂರ್ತಿ ನಿಲ್ಲಿಸಿ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ, ಆಮೇಲೇ ಮುಂದೆ. ಒಂದು ಮಗು ಬಂದಿದ್ದರೆ ಎಂದ ಮಗನ ಮಾತು ಅವರ ಮನಸ್ಸಿನಿಂದ ಹೋಗಿರಲಿಲ್ಲ ಅನ್ನಿಸುತ್ತಿತ್ತು. ನಾನೂ ಅದನ್ನು ಕೆದಕಲು ಹೋಗಲಿಲ್ಲ.

ಪರೀಕ್ಷೆಯ ದಿನ ಡ್ರೈವಿಂಗ್ ಶಾಲೆಯ ಮೊದಲ ಮಹಡಿಯ ಕಿಟಕಿಯಲ್ಲಿ ನಾವು ನಿಂತೆವು: ನಾನು, ನನ್ನ ಮಗಳು, ಅವರ ಮಗ. ಕೆಳಗೆ ಮೈದಾನದಲ್ಲಿ ಬಿಳಿಯ ಕಾರು, ಪಕ್ಕದ ಸೀಟಿನಲ್ಲಿ ಪರೀಕ್ಷಕರು. ಕಾರು ಹೊರಟಿತು. ಮೊದಲ ತಿರುವಿನಲ್ಲಿ ವೈಪರು ಒಮ್ಮೆ ಎದ್ದು ಬಿತ್ತು. ಅವರ ಮಗ ಕಣ್ಣು ಮುಚ್ಚಿಕೊಂಡರು. ಆದರೆ ವೈಪರು ನಿಂತಿತು, ಇಂಡಿಕೇಟರು ಮಿನುಗಿತು, ಕಾರು ಸರಿಯಾಗಿ ತಿರುಗಿತು. ಅಲ್ಲಿಂದ ಮುಂದೆ ಅವರು ಒಮ್ಮೆಯೂ ತಪ್ಪು ಕಡ್ಡಿ ಮುಟ್ಟಲಿಲ್ಲ. 'ನಿಲ್ಲಿ' ಗೆರೆಯ ಹತ್ತಿರ ಕಾರು ನಿಂತ ರೀತಿ ನೋಡಬೇಕಿತ್ತು, ನೆಲಕ್ಕೆ ಮೊಳೆ ಹೊಡೆದ ಹಾಗೆ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಮೆಟ್ಟಿಲಿನಷ್ಟು ಎತ್ತರದ ಕಟ್ಟೆಯ ಮೇಲೆ ಮುಂದಿನ ಗಾಲಿ ಹತ್ತಿಸಬೇಕು, ಹತ್ತಿದ ತಕ್ಷಣ ಬ್ರೇಕು ಒತ್ತಬೇಕು. ಗಾಬರಿಯಲ್ಲಿ ಪೆಡಲ್ ತಪ್ಪಿದರೆ ಅಲ್ಲಿಗೆ ಮುಗಿಯಿತು. ಎಂಜಿನ್ ಗುರುಗುಟ್ಟಿತು, ಕಾರಿನ ಮೂತಿ ಎದ್ದಿತು, ಅಲ್ಲೇ ನಿಂತಿತು. ಒಂದಿಷ್ಟೂ ಜಾರಲಿಲ್ಲ.

"ಒಳ್ಳೆ ಬ್ರೇಕು," ಎಂದರು ಮಗ ತಮ್ಮಷ್ಟಕ್ಕೆ, ಎಂಜಿನಿಯರಿನ ದನಿಯಲ್ಲಿ. ಆಮೇಲೆ ಅವರ ಕಣ್ಣು ತುಂಬಿಬಂತು.

ಓಯಾ-ಸಾನ್ ಮೆಟ್ಟಿಲು ಹತ್ತಿ ಬಂದರು, ತುಟಿಯ ಕೆಂಪು ಒಂಚೂರೂ ಅಳಿಸದೆ. ಮಗನ ಮುಂದೆ ನಿಂತು ಕೇಳಿದ್ದು ಒಂದೇ ಮಾತು: "ಯೊಕೊಹಾಮಾಗೆ ಯಾವಾಗ?"

ಮುಂದಿನ ಭಾನುವಾರವೇ ಹೊರಟೆವು. ಎಡಗಡೆ ಓಯಾ-ಸಾನ್, ಬಲಗಡೆ ಮಗ, ಹಿಂದಿನ ಆ ವಿಶಾಲ ಸೀಟಿನಲ್ಲಿ ನಾನು, ಮಗಳು, ಡಬ್ಬಿಯಲ್ಲಿ ನಾನು ಮಾಡಿದ್ದ ಚಿತ್ರಾನ್ನ. ರಸ್ತೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಒಬ್ಬ ಲಾರಿ ಡ್ರೈವರು ಕೈಬೀಸಿದ. ಓಯಾ-ಸಾನ್ ರಾಣಿಯ ಹಾಗೆ ತಲೆಯನ್ನಷ್ಟೇ ಬಾಗಿಸಿದರು. ಯೊಕೊಹಾಮಾದ ಕೊಲ್ಲಿಯ ದಂಡೆಯಲ್ಲಿ ಕಾರ್ಖಾನೆಯ ಗುರುತೇನೂ ಇರಲಿಲ್ಲ. ತಂತಿಬೇಲಿ, ಗೋದಾಮು, ಆಚೆ ಬೂದುಬಣ್ಣದ ನೀರು. ನನಗೆ ಪಿಚ್ಚೆನ್ನಿಸಿತು. ಅವರಿಗೆ ಹಾಗೇನೂ ಆಗಲಿಲ್ಲ. ಬೇಲಿಯ ಪಕ್ಕ ಕಾರು ನಿಲ್ಲಿಸಿ, ಇಳಿದು, ಬಾಗಿಲನ್ನು ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದರು. ಆ ಸದ್ದು ಕೇಳಲೆಂದೇ.

"ಅಪ್ಪ, ಬಂದಿದ್ದೀನಿ," ಎಂದರು ಬೇಲಿಯ ಕಡೆ ತಿರುಗಿ. "ನಮ್ಮದೇ ಕಾರು."

ಮಗ ಪಕ್ಕಕ್ಕೆ ಬಂದು ನಿಂತರು. "ಅಮ್ಮಾ, ಒಂದು ಮಾತು ಹೇಳ್ಲಾ? ನಮ್ಮ ಕಂಪನಿಗಳು ಕಾರು ಮಾಡೋಕೆ ಶುರು ಮಾಡ್ದಾಗ, ಇಲ್ಲಿ ಕೆಲಸ ಕಲ್ತವರು ಎಷ್ಟೋ ಜನ ನಮ್ಮ ಕಡೆ ಬಂದ್ರಂತೆ. ತಾತ ಕಲ್ತ ಕೆಲಸಾನೇ ನಾನು ಮಾಡ್ತಿರೋದು."

"ಅದು ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ಓಯಾ-ಸಾನ್ ಮಗನ ಬೆನ್ನಿಗೊಂದು ಗುದ್ದು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಓಕು-ಸಾನ್, ಆ ಕಂಪನಿಯವರು ಎರಡು ಸಲ ಬಿಟ್ಟು ಹೋದ್ರು. ನಾವು ಬಿಡಲಿಲ್ಲ, ನೋಡಿ" ಎಂದರು.

ಜಪಾನಿನಲ್ಲಿ ಸುಮ್ಮನೆ ಹಾರ್ನ್ ಹೊಡೆಯುವುದೆಂದರೆ ಬೈದಷ್ಟೇ ತಪ್ಪು. ನಮ್ಮ ನಾಲ್ವರ ಹೊರತು ಯಾರೂ ಇಲ್ಲದ ಆ ದಂಡೆಯಲ್ಲಿ, ಅಷ್ಟು ಶಿಸ್ತಿನ ಆ ಮಗ ಕಿಟಕಿಯೊಳಗೆ ಕೈಹಾಕಿ ಹಾರ್ನ್ ಒತ್ತಿದರು. ಉದ್ದಕ್ಕೆ. ನೀರಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ನನ್ನ ಮಗಳು ಕುಣಿದಳು. ಓಯಾ-ಸಾನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ... ಚಿತ್ರಾನ್ನವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡೇ ತಿಂದೆವು.

ಮಾರನೆಯ ವರ್ಷ ಓಯಾ-ಸಾನ್ ತಾವೇ ನಡೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ಒಪ್ಪಿಸಿ ಬಂದರು. ಯಾರೂ ಕೇಳಿರಲಿಲ್ಲ. "ಕಣ್ಣು ಸ್ವಲ್ಪ ಮಂಜಾಗ್ತಿದೆ. ಗೆದ್ದಿದ್ದಾಯ್ತಲ್ಲ, ಸಾಕು" ಎಂದರು. ಕಾರು ಮಗನ ಜೊತೆ ನಗೋಯಾಗೆ ಹೋಯಿತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾವು ಆಗಲೇ ಬೇರೆ ಮನೆಗೆ ಹೋಗಿದ್ದೆವು. ಮಗ ಫೋನ್ ಮಾಡಿ ತಿಳಿಸಿದರು. ಅಂತ್ಯಕ್ರಿಯೆಯಲ್ಲಿ ಹೂಗಳ ನಡುವೆ ಇಟ್ಟಿದ್ದ ಫೋಟೋ ನೋಡಿ ನಾನು ಬೆರಗಾದೆ. ಕೊನೆಯ ಲೈಸೆನ್ಸಿಗೆಂದು ತೆಗೆಸಿದ್ದ ಫೋಟೋವನ್ನೇ ದೊಡ್ಡದು ಮಾಡಿಸಿದ್ದರು. ಇದನ್ನೇ ಇಡಬೇಕು ಎಂದು ಅವರೇ ಹೇಳಿಟ್ಟಿದ್ದರಂತೆ. ಅಂಥ ಫೋಟೋದಲ್ಲಿ ಎಲ್ಲರೂ ಬಿಗಿದುಕೊಂಡಿರುತ್ತಾರೆ. ಇವರು ಮಾತ್ರ ಗೆದ್ದ ಮುಖ ಹೊತ್ತು, ಕೆಂಪು ತುಟಿಯಂಚಿನಲ್ಲಿ ನಗು ತಡೆದುಕೊಂಡು ನೇರ ನೋಡುತ್ತಿದ್ದರು. ನನಗೆ ಅಳು ಬಂತು. ಅವರಿಲ್ಲ ಎಂಬುದು ಆ ನಗುವಿನ ಮುಂದೆ ನಿಂತಾಗಲೇ ನಿಜವಾಗಿ ತಟ್ಟಿತು. ಇಂದಿಗೂ ಒಗ್ಗಿಲ್ಲ.

ಯಾವ ಮಾತಿಗೂ ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ನನ್ನ ಮಗಳು, ಆ ದಿನ ಧೂಪ ಹಚ್ಚಿ, ಸೊಂಟ ಬಾಗಿಸಿ ನಮಸ್ಕರಿಸಿ, ಮೆಲ್ಲನೆ ಕನ್ನಡದಲ್ಲಿ ಹೇಳಿದಳು:

"ಹೋಗ್ಬನ್ನಿ, ಓಯಾ-ಸಾನ್."