ಬೇರುಸಮೇತ ಬರುವ ಹೂಗುಚ್ಛ

ಬೆಳಗಿನ ಐದೂವರೆ. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಹಾದಂಗಡಿಯವನು ಇನ್ನೂ ಬಾಗಿಲು ತೆರೆದಿಲ್ಲ. ಶೇಖವ್ವ ಆಗಲೇ ಒದ್ದೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾರೆ. ಸುತ್ತ ಗುಲಾಬಿ, ಸೇವಂತಿಗೆ, ಸುಗಂಧರಾಜ, ಒಂದು ಕಟ್ಟು ದವನ. ಎಡಗೈಯಲ್ಲಿ ಹಿಡಿದ ದೇಟುಗಳ ಮೇಲೆ ಬಲಗೈ ಒಂದೊಂದೇ ಹೂವನ್ನು ಓರೆಯಾಗಿ ಇಡುತ್ತ ಹೋಗುತ್ತದೆ. ಮೂರು ನಿಮಿಷಕ್ಕೆ ಒಂದು ಹೂಗುಚ್ಛ. ನೋಡುವವರಿಗೆ ಹೂ ಎತ್ತಿದಷ್ಟೇ ಹಗುರ. ಕಟ್ಟುವ ಬೆರಳುಗಳನ್ನು ಹತ್ತಿರದಿಂದ ಕಂಡರೆ ಮಾತ್ರ ಮುಳ್ಳಿನ ಲೆಕ್ಕ ಸಿಗುತ್ತದೆ.

ಆದರೆ ಇವತ್ತು ಅವರ ಮನಸ್ಸು ಈ ಯಾವ ಹೂವಿನ ಮೇಲೂ ಇಲ್ಲ. ಪಕ್ಕದಲ್ಲಿ ಮೊಳಕಾಲೆತ್ತರದ ಒಂದು ದುಂಡುಮಲ್ಲಿಗೆ ಗಿಡವಿದೆ. ಕತ್ತರಿಸಿದ ರೆಂಬೆಯಲ್ಲ, ಬೇರಿಗೆ ಮಣ್ಣು ಹಿಡಿದಿರುವ ಗಿಡ. ಬೇರಿಗೆ ಸುತ್ತಿದ ಗೋಣಿಯನ್ನು ಮೂರು ಸಲ ಬಿಚ್ಚಿ, ಮೂರು ಸಲ ಬಾಳೆನಾರಿನಿಂದ ಕಟ್ಟಿದ್ದಾರೆ. ಯಾಕೆ ಎಂದು, ಅವರ ಬಗ್ಗೆ ಬರೆಯಲು ಬಂದವರು ಕೇಳಿದರೆ, ತಲೆ ಎತ್ತದೆ ಹೇಳುತ್ತಾರೆ:

"ಇವತ್ತು ಬ್ಯಾಡಗಿಗೆ ಹೋಗಬೇಕ್ರಿ. ಆ ಊರಿಗೆ ಹೂ ಒಯ್ದು ಎಂಟು ವರ್ಷ ಆತು."

ನಲವತ್ತಾರರ ಶೇಖವ್ವ ಕರ್ಜಗಿಯ ಮಗಳು, ರಾಣೆಬೆನ್ನೂರಿನ ಸೊಸೆ. ಪಂಪ್‌ಸೆಟ್ ರಿಪೇರಿ ಮಾಡುವ ಹುಲಿಗೇಶ ಅವರ ಗಂಡ. ತವರಿನಲ್ಲಿ ತಾಯಿಯ ಜೊತೆ ಮಾಲೆ ಕಟ್ಟಿ ಕಲಿತ ಕೈಗೆ ಹೂಗುಚ್ಛದ ಕೆಲಸ ಕಲಿಸಿದವರು ಮದುವೆ ಮಂಟಪ ಅಲಂಕರಿಸುವ ದಿಲಾವರ. ಹದಿನಾರು ವರ್ಷದಿಂದ ಇದೇ ಓಣಿ, ಇದೇ ಗೋಣಿ. ಸಾಮಾನ್ಯ ದಿನ ಹದಿನೈದು ಕಟ್ಟುತ್ತಾರೆ. ಮಾರ್ಚ್ ಕೊನೆಗೆ, ಕಚೇರಿ-ಶಾಲೆಗಳ ಬೀಳ್ಕೊಡುಗೆಗಳು ಒಟ್ಟಿಗೇ ಬಂದಾಗ, ಅರವತ್ತು ದಾಟುತ್ತದೆ. ಹನ್ನೊಂದರ ಬಿಸಿಲಿಗೆ ಹೂ ಬಾಡಿ ಸೋಲುವುದರಿಂದ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಸೊಂಟ ಅದಕ್ಕಿಂತ ಮೊದಲೇ ಸೋತಿರುತ್ತದೆ.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಎನ್ನುವ ಗಾದೆಯನ್ನು ಯಾರೋ ದೇವಸ್ಥಾನದ ಕಡೆಯವರು ಮಾಡಿರಬೇಕು. ಸಮಾರಂಭದ ವೇದಿಕೆ ಕಂಡವರು ಮಾಡಿದ್ದಲ್ಲ. ಹಾವೇರಿ ಕಡೆಯ ಸಮಾರಂಭಗಳಲ್ಲಿ ಅತಿಥಿಗಳಿಗೆ ಏಲಕ್ಕಿ ಹಾರವೂ ಬೀಳುತ್ತದೆ, ಹೂಗುಚ್ಛವೂ ಸಿಗುತ್ತದೆ. ಆಮೇಲಿನ ಕತೆ ಶೇಖವ್ವನಿಗೆ ಗೊತ್ತು: "ಏಲಕ್ಕಿ ಹಾರ ಮನಿಗೆ ಹೊಕ್ಕೈತ್ರಿ. ನಮ್ಮ ಬೊಕೆ ಖುರ್ಚಿ ಮ್ಯಾಲ ಉಳೀತೈತಿ." ಹೇಳಿ ನಗುತ್ತಾರೆ. ನಗುವಲ್ಲಿ ದೂರಿಲ್ಲ.

ಅವರ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಯಾರಿಗೆ, ಯಾತಕ್ಕ? ಬೀಜದ ಕಂಪನಿಯ ಹುಡುಗರು ಪೊಲೀಸ್ ಸ್ಟೇಷನ್ನಿನಲ್ಲೂ ಇಷ್ಟು ವಿಚಾರಣೆ ಇಲ್ಲ ಎಂದು ಛೇಡಿಸುತ್ತಾರೆ. ಶೇಖವ್ವ ಜಗ್ಗುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಸುಗಂಧರಾಜ ಕೊಡಲೊಲ್ಲರು, ಅದು ಹೆಣದ ಮೇಲೆ ಬೀಳುವ ಹೂ. ಅವರಿಗೆ ದವನ ಕೊಡುತ್ತಾರೆ, ಒಣಗಿದರೂ ಅದರ ವಾಸನೆ ಹೋಗುವುದಿಲ್ಲ ಎಂಬ ಕಾರಣಕ್ಕೆ. ಹೊಸ ಜೋಡಿಗೆ ಗುಲಾಬಿಯ ನಡುವೆ ಕಂಡೂ ಕಾಣದಂತೆ ಬೇವಿನ ಹೂ ಸಿಕ್ಕಿಸುತ್ತಾರೆ. ಸಂಸಾರ ಬರೀ ಬೆಲ್ಲವಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದಂತೆ. ರಾಜಕಾರಣಿಗಳಿಗೆ ಚೆಂಡುಹೂವೇ ಸಾಕು, ಫೋಟೋ ಮುಗಿಯುವವರೆಗೆ ಅದಕ್ಕೇನೂ ಆಗುವುದಿಲ್ಲ.

ನಿವೃತ್ತರಾಗುವವರಿಗೆ ಮುತ್ತುಗ. ಮಾಘ ಕಳೆದು ಹೊಲದ ಬದುಗಳಲ್ಲಿ ಅದು ಕೆಂಪಗೆ ಅರಳುವುದನ್ನೇ ಕಾಯುತ್ತಾರೆ. ಒಮ್ಮೆ ಒಬ್ಬ ಮೇಷ್ಟ್ರು, ವಾಸನೆಯಿಲ್ಲದ ಹೂವನ್ನು ಕಲಿತವರಿಗೆ ಕೊಡುತ್ತಾರೆಯೇ ಎಂದು ಮುಖ ಗಂಟು ಹಾಕಿದ್ದರಂತೆ. ಅವರಿಗೆ ಶೇಖವ್ವ ಕೊಟ್ಟ ಉತ್ತರ ಈಗ ಓಣಿಗೆಲ್ಲ ಬಾಯಿಪಾಠ: "ಎಲಿ ಎಲ್ಲಾ ಉದುರಿದ ಮ್ಯಾಲ ಹೂ ಬಿಡೂ ಗಿಡ ಇದು ಸರ. ಇನ್ನ ಮುಂದ ನಿಮ್ಮದೂ ಹಂಗ ಆಗ್ಲಿ." ಮೇಷ್ಟ್ರು ಮುತ್ತುಗ ಹಿಡಿದೇ ವೇದಿಕೆ ಹತ್ತಿದರು.

ಇಷ್ಟೆಲ್ಲ ತಿಳಿದ ಹೆಣ್ಣುಮಗಳು ಎಂಟು ವರ್ಷದ ಹಿಂದೆ ಒಂದು ತಪ್ಪು ಮಾಡಿದರು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆ. ಹಿರಿಯಾಕೆ ಫಕ್ಕೀರವ್ವ. ಸೊಸೆ ನಿರ್ಮಲಾಗೆ ಚೊಚ್ಚಲು, ಏಳನೇ ತಿಂಗಳ ಕುಬುಸ, ಅಂದರೆ ಸೀಮಂತ. ಹೊಸ ನಮೂನೆಯ ಬೊಕೆ ಬೇಕೆಂದು ಫೋನು ಬಂತು. ಯಾರಿಗೆ, ಯಾತಕ್ಕೆ ಎಂದು ಆಗ ಶೇಖವ್ವ ಕೇಳುತ್ತಿರಲಿಲ್ಲ. ಮೇಡ್ಲೇರಿಯಿಂದ ಮಲ್ಲಿಗೆ ತರುವ ಹನುಮಪ್ಪನ ತೋಟದಲ್ಲಿ ಮಾವು ಮೈತುಂಬ ಹೂ ಬಿಟ್ಟಿತ್ತು. ನಾಲ್ಕು ಟೊಂಗೆ ಮುರಿದು ತಂದು ಕೆಂಪು ಗುಲಾಬಿಗಳ ನಡುವೆ ಇಟ್ಟರು. ಅಷ್ಟು ಚೆಂದದ ಗುಚ್ಛವನ್ನು ತಾನು ಅದಕ್ಕೂ ಮೊದಲು ಕಟ್ಟಿರಲಿಲ್ಲ ಎನ್ನುತ್ತಾರೆ. ತಾವೇ ಒಯ್ದು ಕೊಟ್ಟರು.

ಈ ಕಡೆ ಹೂ ಬಿಟ್ಟ ಮಾವಿನ ಟೊಂಗೆಯನ್ನು ಯಾರೂ ಮುರಿಯುವುದಿಲ್ಲ. ಹೂ ಮುರಿದರೆ ಕಾಯಿ ಮುರಿದಂತೆ. ಕರ್ಜಗಿಯ ಹೊಲದಲ್ಲಿ ಶೇಖವ್ವನ ತಾಯಿ ಅದನ್ನು ನೂರು ಸಲ ಹೇಳಿದ್ದರು. ಹೊಸ ನಮೂನೆಯ ಹುರುಪಿನಲ್ಲಿ ಅದು ನೆನಪಿಗೇ ಬರಲಿಲ್ಲ. ಹಸಿರು ಸೀರೆಯುಟ್ಟು ಕುಳಿತ ನಿರ್ಮಲಾಳ ಮಡಿಲಿನಿಂದ ಫಕ್ಕೀರವ್ವ ಆ ಗುಚ್ಛವನ್ನು ಎತ್ತಿ ಹಿತ್ತಲಿಗೆ ಒಯ್ದರು. ಆಮೇಲೆ ಮೂರು ವಾರಕ್ಕೆ ನಿರ್ಮಲಾಳ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು.

ಬಿಪಿ ಏರಿದ್ದೇ ಕಾರಣ ಎಂದು ಡಾಕ್ಟರು ಹೇಳಿದರು. ಫಕ್ಕೀರವ್ವ ಯಾರೆದುರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅಂದಿನಿಂದ ಬ್ಯಾಡಗಿಯ ಕೆಲಸಗಳನ್ನೆಲ್ಲ ಶೇಖವ್ವ ದಿಲಾವರರಿಗೇ ಬಿಟ್ಟುಕೊಟ್ಟರು.

"ಹೂವಿನಿಂದ ಆಗಿದ್ದಲ್ಲ ಅಂತ ನನಗೂ ಗೊತ್ತೈತ್ರಿ. ತಲಿಗೆ ತಿಳೀತೈತಿ, ಕೈಗೆ ತಿಳಿಯಂಗಿಲ್ಲ. ಒಂದ ವರ್ಷ ಬಸರಿ ಹೆಂಗಸಿಗೆ ಅಂದ್ರ ಕಟ್ಟಾಕ ಕೈ ಏಳಲಿಲ್ಲ."

ಕಡೆಗೆ ಕೈಯೇ ಒಂದು ದಾರಿ ಹುಡುಕಿತು. ಕುಬುಸಕ್ಕೆಂದು ಯಾರಾದರೂ ಬಂದರೆ ಶೇಖವ್ವ ಹೂ ಕತ್ತರಿಸುವುದಿಲ್ಲ. ಮೊಗ್ಗು ಹಿಡಿದ ಮಲ್ಲಿಗೆ ಗಿಡ, ಬೇರಿಗೆ ಮಣ್ಣು, ಮಣ್ಣಿಗೆ ಒದ್ದೆ ಗೋಣಿ, ಸುತ್ತ ಬೇರುಸಮೇತ ಕಿತ್ತ ದವನ. ಕಾರ್ಯ ಮುಗಿದ ಮೇಲೆ ನೆಲಕ್ಕೆ ಇಟ್ಟರೆ ಬದುಕಿಕೊಳ್ಳುತ್ತದೆ. ಈಗ ಹಾವೇರಿಯಿಂದಲೂ ಬೇರಿನ ಬೊಕೆ ಕೇಳಿಕೊಂಡು ಬರುತ್ತಾರೆ. ಅದು ಎಲ್ಲಿಂದ ಹುಟ್ಟಿತೆಂದು ಅವರಿಗೆ ಗೊತ್ತಿಲ್ಲ, ಶೇಖವ್ವ ಹೇಳಿಯೂ ಇಲ್ಲ.

ಹೋದ ವಾರ ನಿರ್ಮಲಾ ಫೋನು ಮಾಡಿದರು. ಎಂಟು ವರ್ಷದ ಮೇಲೆ ಮತ್ತೆ ಏಳನೇ ತಿಂಗಳು. ದೊಡ್ಡ ಕಾರ್ಯವೇನಿಲ್ಲ, ಮನೆಯವರಷ್ಟೇ. ಹೂ ಮಾತ್ರ ಶೇಖವ್ವಕ್ಕನೇ ತರಬೇಕು. ಅತ್ತೆಗೆ ಹೇಳಿದ್ದೀಯಾ ಎಂದು ಕೇಳಿದರೆ, ಇಲ್ಲ ಎಂದು ಫೋನು ಇಟ್ಟುಬಿಟ್ಟರು. ಹೋಗಬೇಡ, ಕೂಡಿದ ಮನೆಯಲ್ಲಿ ಹಳೇ ಗಾಯ ಕೆದರಬೇಡ ಎಂದರು ಹುಲಿಗೇಶ. ಮೂರು ದಿನ ಶೇಖವ್ವನಿಗೂ ಅದೇ ಸರಿ ಅನ್ನಿಸಿತ್ತು. ನಾಲ್ಕನೇ ದಿನ ನರ್ಸರಿಗೆ ಹೋಗಿ ಹನ್ನೆರಡು ಗಿಡಗಳ ಬೇರು ನೋಡಿ ಒಂದನ್ನು ಆರಿಸಿಕೊಂಡು ಬಂದರು.

ಒಂಬತ್ತರ ಬಸ್ಸು. ಗಿಡ ಮಡಿಲಲ್ಲಿದೆ, ಸೀಟಿನ ಕೆಳಗಿಡಿ ಎಂದ ಕಂಡಕ್ಟರನ ಮಾತು ಗಾಳಿಗೆ ಹೋಗಿದೆ. ಬ್ಯಾಡಗಿ ಬಂತೆಂದು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಮೆಣಸಿನಕಾಯಿಯ ಘಾಟಿಗೆ ಇಡೀ ಬಸ್ಸು ಸೀನುತ್ತದೆ. ಶೇಖವ್ವ ತಾವು ಸೀನುತ್ತಲೇ ಸೆರಗಿನಿಂದ ಮೊಗ್ಗುಗಳನ್ನು ಮುಚ್ಚುತ್ತಾರೆ.

ಮನೆಯ ಪಡಸಾಲೆಯ ಬಾಗಿಲಲ್ಲಿ ಫಕ್ಕೀರವ್ವನೇ ನಿಂತಿದ್ದಾರೆ. ಗುರುತು ಹಿಡಿಯಲು ಅವರಿಗೆ ಹೊತ್ತಾಗುವುದಿಲ್ಲ. ಒಳಗೆ ಹಸಿರು ಸೀರೆಯಲ್ಲಿ ನಿರ್ಮಲಾ ಕುಳಿತಿದ್ದಾರೆ. ಹಿರಿಯಾಕೆ ಬಾಗಿ, ನಾರಿನ ಗಂಟು ಸಡಿಲಿಸಿ, ಗೋಣಿಯೊಳಗೆ ಎರಡು ಬೆರಳು ಹಾಕಿ ನೋಡುತ್ತಾರೆ. ಬೆರಳಿಗೆ ಒದ್ದೆ ಮಣ್ಣು ಹತ್ತುತ್ತದೆ.

"ಬೇರು ಐತಿ," ಎನ್ನುತ್ತಾರೆ, ತಮಗೆ ತಾವೇ. ಆಮೇಲೆ ಶೇಖವ್ವನಿಗೆ: "ಹೊರಗ ಯಾಕ ನಿಂತಿ? ಅಕಿ ಉಡಿಯಾಗ ನೀನ ಇಡು ಬಾ."

ಇಟ್ಟರು. ಇಟ್ಟ ಕೈಯನ್ನು ನಿರ್ಮಲಾ ಹಿಡಿದುಕೊಂಡರು. ಉಂಡು ಹೋಗೆಂದು ಕೂರಿಸಿ, ಹೋಳಿಗೆಯ ಮೇಲೆ ತುಪ್ಪ ಬಡಿಸಿದವರು ಫಕ್ಕೀರವ್ವ. ಹಳೆಯ ಮಾತನ್ನು ಯಾರೂ ಎತ್ತಲಿಲ್ಲ. ವಾಪಸು ಬಸ್ಸಿನಲ್ಲಿ ಶೇಖವ್ವ ಉದ್ದಕ್ಕೂ ಅತ್ತರು, ಪಕ್ಕದವರು ಕೇಳಿದರೆ ಮೆಣಸಿನಕಾಯಿ ಘಾಟು ಎಂದರು.

ಹತ್ತು ದಿನ ಕಳೆದು ಮತ್ತೆ ಅದೇ ಓಣಿ, ಅದೇ ಐದೂವರೆ. ಬೀಳ್ಕೊಡುಗೆಗಳ ಮುತ್ತುಗ ರಾಶಿ ಬಿದ್ದಿದೆ. ಫೋನು ಬಡಿದುಕೊಳ್ಳುತ್ತದೆ, ನಿರ್ಮಲಾಳ ನಂಬರು. ಈ ಹೊತ್ತಿನಲ್ಲಿ ಯಾಕೆ ಎಂದು ಶೇಖವ್ವನ ಮುಖ ಬಿಳಿಚಿಕೊಳ್ಳುತ್ತದೆ. ಎತ್ತಿದರೆ ಕೇಳುವುದು ಫಕ್ಕೀರವ್ವನ ದನಿ. ನಿರ್ಮಲಾ ಆರಾಮಿದ್ದಾಳೆ, ಇನ್ನೂ ಮಲಗಿದ್ದಾಳೆ. ಕೇಳಬೇಕಾದದ್ದು ಬೇರೆ. ಗಿಡವನ್ನು ಹಿತ್ತಲಲ್ಲಿ ಹಚ್ಚಿದ್ದಾಗಿದೆ, ಬಿಸಿಲು ಏರುತ್ತಿದೆ, ದಿನಕ್ಕೆ ಎಷ್ಟು ನೀರು ಹಾಕಬೇಕು?

"ಮುಂಜಾನಿ ಎರಡು ತಂಬಿಗಿ ಸಾಕ್ರಿ ಎವ್ವಾ. ಬುಡಕ್ಕ ಹಾಕ್ರಿ, ಮೊಗ್ಗಿನ ಮ್ಯಾಲ ಬ್ಯಾಡ."

ಫೋನು ಕೆಳಗಿಡುತ್ತಾರೆ. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ. ಅದರ ಬಗ್ಗೆ ಒಂದು ಮಾತೂ ಆಡಲೊಲ್ಲರು, ಬರೆಯುವುದಾದರೆ ಗಿಡದ ಬಗ್ಗೆ ಬರೆಯಿರಿ ಎನ್ನುತ್ತಾರೆ. ಮತ್ತೆ ಮುತ್ತುಗದ ದೇಟು ಕೈಗೆತ್ತಿಕೊಳ್ಳುತ್ತಾರೆ.

"ಹದಿನಾರು ವರ್ಷದಾಗ ನಾ ಕತ್ತರಿಸಿ ಕಟ್ಟಿದ್ದೆಲ್ಲಾ ಸಂಜಿಗೆ ಬಾಡಿ ಹೋಗೈತ್ರಿ, ಬೇರಿನವು ಬದುಕಿದ್ವೋ ಇಲ್ಲೋ ಯಾರೂ ಹೇಳಿಲ್ಲ. ಒಂದಕ್ಕ ಈಗ ಬ್ಯಾಡಗ್ಯಾಗ ದಿನಾ ನೀರು ಹಾಕಾಕತ್ತಾರ."